ನಕ್ಷೆಯ ಹಿಂದಿನ ದತ್ತಾಂಶಕ್ಕೆ ಹೊಣೆಗಾರರು ಯಾರು?

ಸರ್ಕಾರದ ಇಲಾಖೆಗಳು ಸಂಗ್ರಹಿಸುವ ಭೌಗೋಳಿಕ ದತ್ತಾಂಶಕ್ಕೆ, ಅಂದರೆ ಗಡಿ, ರಸ್ತೆ, ಜಮೀನು, ವಿಳಾಸ, ಎತ್ತರ, ನೀರಿನ ಹರಿವು ಮೊದಲಾದವುಗಳ ಸ್ಥಾನವನ್ನು ತಿಳಿಸುವ ದಾಖಲೆಗಳಿಗೆ, ಒಂದು ದೇಶ ರಾಷ್ಟ್ರೀಯ ನೀತಿಯನ್ನು ರೂಪಿಸುವಾಗ ಏನನ್ನು ಯೋಚಿಸಬೇಕು ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಏಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ; ಆ ಪ್ರಶ್ನೆಗಳೇ ಅಂಥವು.

ಪ್ರಶ್ನೆ: ಕೈಯಲ್ಲಿರುವ ಫೋನಿನಲ್ಲೇ ಜಗತ್ತಿನ ನಕ್ಷೆ ಸಿಗುತ್ತದೆ. ಪ್ರತಿಯೊಂದು ಇಲಾಖೆಯಲ್ಲೂ ಅದರದೇ ಆದ ನಕ್ಷೆಗಳಿವೆ. ಹೀಗಿರುವಾಗ ಇದಕ್ಕೆಂದು ಪ್ರತ್ಯೇಕ ರಾಷ್ಟ್ರೀಯ ನೀತಿ ಏಕೆ ಬೇಕು? (ಪ್ರೌಢಶಾಲಾ ಶಿಕ್ಷಕಿಯೊಬ್ಬರು)

ಉತ್ತರ: ತಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಪ್ರತಿ ಇಲಾಖೆಯಲ್ಲೂ ಅದರದೇ ಆದ ನಕ್ಷೆ ಇರುವುದೇ ತೊಂದರೆಯ ಮೂಲ. ಒಂದೇ ರಸ್ತೆಯನ್ನು ಲೋಕೋಪಯೋಗಿ ಇಲಾಖೆ ಅಳೆದಿರುತ್ತದೆ. ಕೊಳವೆ ಹಾಕುವುದಕ್ಕಾಗಿ ನೀರು ಸರಬರಾಜಿನವರು ಅದನ್ನು ಇನ್ನೊಮ್ಮೆ ಅಳೆದಿರುತ್ತಾರೆ. ಕಂಬ ನೆಡುವುದಕ್ಕಾಗಿ ವಿದ್ಯುತ್ತಿನವರು ಮತ್ತೊಮ್ಮೆ, ಮತಗಟ್ಟೆಯ ವ್ಯಾಪ್ತಿಯನ್ನು ಗುರುತಿಸುವುದಕ್ಕಾಗಿ ಚುನಾವಣಾ ಕಚೇರಿಯವರು ಮಗದೊಮ್ಮೆ ಅಳೆದಿರುತ್ತಾರೆ. ನಾಲ್ಕು ಅಳತೆಗಳಿಗೂ ಖರ್ಚಾದದ್ದು ಸಾರ್ವಜನಿಕರ ಹಣವೇ. ಆದರೂ ಆ ನಾಲ್ಕು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ರಸ್ತೆ ಒಂದೇ ಕಡೆ ಕೂಡುವುದಿಲ್ಲ.

ಕೂಡದಿರುವುದಕ್ಕೆ ಅಳೆದವರ ಅಸಡ್ಡೆಯೇ ಕಾರಣವೆಂದು ತಿಳಿಯಬೇಕಾಗಿಲ್ಲ. ಅಳತೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬುದೇ ನಾವು ನಾವು ಮಾಡಿಕೊಂಡ ಒಪ್ಪಂದ. ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಸೊನ್ನೆ ರೇಖಾಂಶವೆಂದು ನೆಲದ ಮೇಲೆ ಗುರುತು ಮಾಡಿರುವ ಗೆರೆಯ ಮೇಲೆ ನಿಂತು ಜಿಪಿಎಸ್ ಉಪಕರಣವನ್ನು ನೋಡಿದರೆ ಅದು ಸೊನ್ನೆಯನ್ನು ತೋರಿಸುವುದಿಲ್ಲ. ಉಪಗ್ರಹಗಳ ಲೆಕ್ಕದ ಸೊನ್ನೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕಿದೆ. ಎರಡೂ ಗೆರೆಗಳು ತಮ್ಮ ತಮ್ಮ ಆಧಾರ ಚೌಕಟ್ಟಿನಲ್ಲಿ, ಅಂದರೆ ಅಳತೆ ಎಲ್ಲಿಂದ ಶುರುವಾಗುತ್ತದೆಂಬ ಒಪ್ಪಂದದಲ್ಲಿ, ಸರಿಯಾಗಿಯೇ ಇವೆ. ಎತ್ತರದ ಲೆಕ್ಕ ಇನ್ನೂ ನಾಜೂಕಿನದು. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಲಾಫೆನ್‌ಬರ್ಗ್‌ನಲ್ಲಿ ರೈನ್ ನದಿಗೆ ಎರಡೂ ದಡಗಳಿಂದ ಸೇತುವೆ ಕಟ್ಟುತ್ತಾ ಬಂದಾಗ, 2003ರಲ್ಲಿ, ಎರಡು ಬದಿಗಳ ಎತ್ತರದಲ್ಲಿ 54 ಸೆಂಟಿಮೀಟರ್ ವ್ಯತ್ಯಾಸ ಕಂಡುಬಂತು. ಜರ್ಮನಿ ಸಮುದ್ರಮಟ್ಟವನ್ನು ಉತ್ತರ ಸಮುದ್ರದಿಂದಲೂ ಸ್ವಿಟ್ಜರ್ಲೆಂಡ್ ಮೆಡಿಟರೇನಿಯನ್ ಸಮುದ್ರದಿಂದಲೂ ಲೆಕ್ಕಹಾಕುತ್ತವೆ ಎಂಬುದು, ಆ ಎರಡರ ನಡುವೆ 27 ಸೆಂಟಿಮೀಟರ್ ಅಂತರವಿದೆ ಎಂಬುದು ಎಂಜಿನಿಯರುಗಳಿಗೆ ಮೊದಲೇ ಗೊತ್ತಿತ್ತು. ಆದರೆ ತಿದ್ದುಪಡಿ ಮಾಡುವಾಗ ಕೂಡುವುದು ಕಳೆಯುವುದು ತಿರುವುಮುರುವಾಗಿ, ಇಲ್ಲವಾಗಬೇಕಿದ್ದ ಅಂತರ ಇಮ್ಮಡಿಯಾಯಿತು.

ಗೊತ್ತಿದ್ದ ವ್ಯತ್ಯಾಸವೇ ಇಷ್ಟು ಮಾಡಿದ ಮೇಲೆ, ಯಾವ ಆಧಾರದ ಮೇಲೆ ಅಳೆದದ್ದೆಂದು ಎಲ್ಲಿಯೂ ಬರೆದಿಡದ ದತ್ತಾಂಶವನ್ನು ನಂಬಿ ಅಣೆಕಟ್ಟಿನ ಮುಳುಗಡೆ ಪ್ರದೇಶವನ್ನು ಗುರುತಿಸುವುದು ಎಂಥ ಸಾಹಸವೆಂದು ಊಹಿಸಬಹುದು. ದೇಶದ ಎಲ್ಲ ಸರ್ಕಾರಿ ಅಳತೆಗಳಿಗೂ ಒಂದೇ ಆಧಾರ ಚೌಕಟ್ಟು ಇರಬೇಕೆಂದು ವಿಧಿಸುವುದು ಒಂದು ಇಲಾಖೆಯ ಸುತ್ತೋಲೆಯಿಂದ ಆಗುವ ಕೆಲಸವಲ್ಲ. ದೇಶಗಳ ನಡುವೆಯೂ ಇದೇ ಸಮಸ್ಯೆ ಇರುವುದರಿಂದ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2015ರ ಫೆಬ್ರವರಿಯಲ್ಲಿ ಜಾಗತಿಕ ಭೂಮಾಪನ ಆಧಾರ ಚೌಕಟ್ಟಿನ ಕುರಿತು ಒಂದು ನಿರ್ಣಯವನ್ನೇ ಅಂಗೀಕರಿಸಿತು.

ಇನ್ನು ಫೋನಿನ ನಕ್ಷೆ. ಅದನ್ನು ಕೊಡುವವರು ತಮ್ಮ ವ್ಯವಹಾರಕ್ಕೆ ಬೇಕಾದದ್ದನ್ನು ತೋರಿಸುತ್ತಾರೆ. ಜಮೀನಿನ ಎಲ್ಲೆಗಾಗಲಿ ಚುನಾವಣಾ ಕ್ಷೇತ್ರದ ಗಡಿಗಾಗಲಿ ಅವರು ಜವಾಬ್ದಾರರಲ್ಲ. ಮೇಲಾಗಿ, ಖಾಸಗಿ ನಕ್ಷೆಗಳ ಬುಡದಲ್ಲಿಯೂ ಬಹಳಷ್ಟು ಕಡೆ ಸರ್ಕಾರಿ ದತ್ತಾಂಶವೇ ಇರುತ್ತದೆ. ಅಮೆರಿಕದ ಜನಗಣತಿ ಕಚೇರಿ 1990ರ ಗಣತಿಗಾಗಿ ಸಿದ್ಧಪಡಿಸಿದ ಟೈಗರ್ ಎಂಬ ರಸ್ತೆ ದತ್ತಾಂಶವನ್ನು ಯಾರು ಬೇಕಾದರೂ ಬಳಸಬಹುದಾಗಿದ್ದರಿಂದ ಅಲ್ಲಿನ ವಾಣಿಜ್ಯ ನಕ್ಷೆಗಳಿಗೆ ಅದೊಂದು ತಳಪಾಯವಾಯಿತು.

ಪ್ರಶ್ನೆ: ಇಂಥ ನೀತಿಯನ್ನು ಬರೆಯಲು ಕುಳಿತವರು ಮೊದಲು ಏನನ್ನು ಬರೆಯಬೇಕು? (ಭೂಮಾಪನ ಇಲಾಖೆಯ ನಿವೃತ್ತ ನೌಕರರು)

ಉತ್ತರ: ಯಾವ ದತ್ತಾಂಶಕ್ಕೆ ಯಾರು ಪಾಲಕರು, ಅಂದರೆ ಅದನ್ನು ತಿದ್ದಿ ಕಾಪಾಡುವ ಹೊಣೆಗಾರರು, ಎಂಬುದನ್ನು ಬರೆಯಬೇಕು. ಉಳಿದದ್ದೆಲ್ಲವೂ ಆಮೇಲಿನದು ಎಂಬುದು ನನ್ನ ಖಚಿತ ಅಭಿಪ್ರಾಯ. ನೀತಿಯ ಕರಡುಗಳಲ್ಲಿ ಸಾಮಾನ್ಯವಾಗಿ ಮೊದಲ ಪುಟಗಳು ತಂತ್ರಜ್ಞಾನದ ಮಹಿಮೆಗೆ ಮೀಸಲಾಗಿರುತ್ತವೆ, ನಂತರದ ಪುಟಗಳಲ್ಲಿ ಸಮಿತಿಗಳ ಮೇಲೆ ಸಮಿತಿಗಳು ಬರುತ್ತವೆ, ಕೊನೆಯವರೆಗೆ ಓದಿದರೂ ಮನೆಗಳ ವಿಳಾಸಪಟ್ಟಿಯನ್ನು ನಾಳೆ ಬೆಳಿಗ್ಗೆ ಯಾರು ತಿದ್ದಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಯಾವ ಯಾವ ದತ್ತಾಂಶಗಳು ಮೂಲಭೂತವಾದವು ಎಂಬುದರ ಬಗ್ಗೆ ಈಗ ಹೆಚ್ಚು ಜಗಳವಿಲ್ಲ. ಭೂಸ್ಥಾನಿಕ ಮಾಹಿತಿಯ ನಿರ್ವಹಣೆಗೆಂದು 2011ರಲ್ಲಿ ರಚನೆಯಾದ ವಿಶ್ವಸಂಸ್ಥೆಯ ತಜ್ಞರ ಸಮಿತಿಯು 14 ವಿಷಯಗಳನ್ನು ಗುರುತಿಸಿದೆ. ಆಧಾರ ಚೌಕಟ್ಟು, ವಿಳಾಸ, ಕಟ್ಟಡ ಮತ್ತು ವಸತಿ, ನೆಲದ ಎತ್ತರ ಹಾಗೂ ನೀರಿನ ಆಳ, ಆಡಳಿತ ವ್ಯಾಪ್ತಿಗಳು, ಸ್ಥಳನಾಮ, ಭೂವಿಜ್ಞಾನ ಮತ್ತು ಮಣ್ಣು, ಭೂಬಳಕೆ, ಜಮೀನಿನ ಹಿಡುವಳಿ, ಮೇಲಿನಿಂದ ತೆಗೆದ ಚಿತ್ರಗಳು, ಮೂಲಸೌಕರ್ಯ, ಜನಸಂಖ್ಯೆಯ ಹಂಚಿಕೆ, ಸಾರಿಗೆ ಜಾಲ, ಜಲಮೂಲ ಎಂಬಿವು ಆ ಹದಿನಾಲ್ಕು. ಭಾರತ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಭೂಸ್ಥಾನಿಕ ನೀತಿಯೂ 14 ವಿಷಯಗಳ ಚೌಕಟ್ಟನ್ನೇ ಅನುಸರಿಸುತ್ತದೆ. ಪಟ್ಟಿ ಮಾಡುವುದು ಸುಲಭ. ಪ್ರತಿಯೊಂದರ ಎದುರಿಗೂ ಒಂದೊಂದು ಕಚೇರಿಯ ಹೆಸರನ್ನು ಬರೆಯುವುದು ಕಷ್ಟ, ಏಕೆಂದರೆ ಹೆಸರು ಬರೆದ ಕ್ಷಣವೇ ಒಬ್ಬರಿಗೆ ಅಧಿಕಾರ ಹೋದಂತೆ, ಇನ್ನೊಬ್ಬರಿಗೆ ಕೆಲಸ ಹೆಚ್ಚಿದಂತೆ ಆಗುತ್ತದೆ.

ಪಾಲಕರನ್ನು ಆರಿಸುವಾಗ ದೊಡ್ಡ ಇಲಾಖೆ ಯಾವುದು, ಹೆಚ್ಚು ಕಂಪ್ಯೂಟರುಗಳಿರುವ ಕಚೇರಿ ಯಾವುದು ಎಂದು ನೋಡುವ ರೂಢಿಯಿದೆ. ನೋಡಬೇಕಾದದ್ದು ಬೇರೆ: ಆ ಸಂಗತಿ ವಾಸ್ತವದಲ್ಲಿ ಬದಲಾಗುವಾಗ ಯಾರ ಮೇಜಿನ ಮೇಲೆ ಕಡತ ಇರುತ್ತದೆ? ಹೊಸ ಮನೆಗೆ ವಿಳಾಸ ಹುಟ್ಟುವುದು ಸ್ಥಳೀಯ ಸಂಸ್ಥೆ ಕಟ್ಟಡಕ್ಕೆ ಪರವಾನಗಿ ಕೊಟ್ಟು ಸಂಖ್ಯೆ ನೀಡಿದಾಗ. ಆ ಗಳಿಗೆಯಲ್ಲಿಯೇ ಅದರ ಅಕ್ಷಾಂಶ ರೇಖಾಂಶಗಳೂ ದಾಖಲಾದರೆ ದತ್ತಾಂಶ ತಾನಾಗಿ ಹೊಸದಾಗಿರುತ್ತದೆ. ಹಾಗೆ ಮಾಡದೆ ಐದು ವರ್ಷಕ್ಕೊಮ್ಮೆ ಗುತ್ತಿಗೆ ಕೊಟ್ಟು ಮನೆಮನೆ ಸರ್ವೇ ಮಾಡಿಸುವ ಪದ್ಧತಿಯಲ್ಲಿ, ಸರ್ವೇ ಮುಗಿದ ದಿನವೇ ಅದು ಹಳೆಯದಾಗಲು ಶುರುವಾಗುತ್ತದೆ. ಹಿಸ್ಸೆಯಾದ ಜಮೀನಿಗೆ, ಅಗಲಗೊಂಡ ರಸ್ತೆಗೆ, ಒಡೆದುಹೋದ ಕೆರೆ ಏರಿಗೆ ಕೂಡ ಇದೇ ಮಾತು ಅನ್ವಯಿಸುತ್ತದೆ. ಯುರೋಪಿಯನ್ ಒಕ್ಕೂಟದ 2007ರ ಇನ್‌ಸ್ಪೈರ್ ನಿರ್ದೇಶನವು ದತ್ತಾಂಶವನ್ನು ಒಮ್ಮೆ ಮಾತ್ರ ಸಂಗ್ರಹಿಸಬೇಕು, ಅದನ್ನು ಎಲ್ಲಿ ಚೆನ್ನಾಗಿ ಕಾಪಾಡಲು ಸಾಧ್ಯವೋ ಅಲ್ಲಿಯೇ ಇಡಬೇಕು ಎಂದು ಹೇಳುವಾಗ ಅದರ ಹಿಂದಿರುವ ತಿಳಿವಳಿಕೆ ಇದೇ.

ಪಾಲಕತ್ವದ ಬೆಲೆ ಅದು ಕೈತಪ್ಪಿದಾಗ ಹೆಚ್ಚು ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಅಂಚೆ ವಿಳಾಸಗಳ ಪೂರ್ಣ ಪಟ್ಟಿ ರಾಯಲ್ ಮೇಲ್ ಸಂಸ್ಥೆಯ ಆಸ್ತಿಯಾಗಿತ್ತು. 2013ರಲ್ಲಿ ಆ ಸಂಸ್ಥೆಯನ್ನು ಖಾಸಗೀಕರಣಗೊಳಿಸಿದಾಗ ವಿಳಾಸಪಟ್ಟಿಯೂ ಅದರ ಜೊತೆಯಲ್ಲೇ ಹೋಯಿತು. ಅಲ್ಲಿನ ಸಂಸತ್ತಿನ ಸಮಿತಿಯೊಂದು ಮರುವರ್ಷ ಅದನ್ನು ತಪ್ಪು ನಿರ್ಧಾರವೆಂದು ಟೀಕಿಸಿತು; ಆದರೆ ಮಾರಾಟ ಆಗಿಹೋಗಿತ್ತು. ಪಟ್ಟಿಯನ್ನು ರಾಷ್ಟ್ರೀಯ ಆಸ್ತಿಯೆಂದು ಮೊದಲೇ ಒಂದು ನೀತಿ ಹೆಸರಿಸಿದ್ದರೆ ಮಾರುವ ಮುನ್ನ ಆ ಪ್ರಶ್ನೆಯಾದರೂ ಏಳುತ್ತಿತ್ತು.

ಪಾಲಕರೆಂದರೆ ಒಡೆಯರಲ್ಲ ಎಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕಾಗುತ್ತದೆ. ಉಳಿದ ಇಲಾಖೆಗಳು ಆ ದತ್ತಾಂಶವನ್ನು ಕೇಳಿದಾಗ ಕೊಡುವುದು, ತಪ್ಪು ತೋರಿಸಿದಾಗ ಗೊತ್ತುಪಡಿಸಿದ ದಿನಗಳೊಳಗೆ ಪರಿಶೀಲಿಸಿ ತಿದ್ದುವುದು ಪಾಲಕರ ಕರ್ತವ್ಯ. ತಮ್ಮಂಥ ಅನುಭವಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಇಲಾಖೆಯ ನಕ್ಷೆಯೊಂದನ್ನು ಪಡೆಯಲು ಎಷ್ಟು ಪತ್ರಗಳು ಓಡಾಡುತ್ತವೆ ಎಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ.

ಪ್ರಶ್ನೆ: ಸರ್ಕಾರಿ ನಕ್ಷೆ ಮತ್ತು ದತ್ತಾಂಶವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರೆ ಅದನ್ನು ತಯಾರಿಸುವ ಸಂಸ್ಥೆ ಉಳಿಯುವುದು ಹೇಗೆ? ಮಾರಿದರೆ ಬೊಕ್ಕಸಕ್ಕೆ ಆದಾಯವಲ್ಲವೇ? (ಅರ್ಥಶಾಸ್ತ್ರದ ವಿದ್ಯಾರ್ಥಿ)

ಉತ್ತರ: ಈ ವಾದ ಹಳೆಯದು. ಎರಡೂ ಕಡೆಯ ಪ್ರಯೋಗಗಳು ನಡೆದು ಫಲಿತಾಂಶಗಳು ನಮ್ಮ ಮುಂದಿರುವುದರಿಂದ ಈಗ ಊಹೆಯ ಅಗತ್ಯ ಕಡಿಮೆ.

ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರಗಳನ್ನು ತೆಗೆಯುತ್ತಿವೆ. ಬಹಳ ಕಾಲ ಆ ಚಿತ್ರಗಳನ್ನು ಮಾರಲಾಗುತ್ತಿತ್ತು. ಈ ಶತಮಾನದ ಆರಂಭದಲ್ಲಿ ಒಂದು ಚಿತ್ರಕ್ಕೆ ಸುಮಾರು 600 ಡಾಲರ್ ಬೆಲೆಯಿತ್ತು. ಮಾರಾಟ ಅತ್ಯಂತ ಚೆನ್ನಾಗಿ ನಡೆದ 2001ರಲ್ಲಿ ಹೋದ ಚಿತ್ರಗಳು ಸುಮಾರು 25,000. 2008ರಲ್ಲಿ ಸಂಗ್ರಹವನ್ನು ಉಚಿತವಾಗಿ ತೆರೆದ ನಂತರ, ಮರುವರ್ಷವೇ ಜನ ಇಳಿಸಿಕೊಂಡ ಚಿತ್ರಗಳ ಸಂಖ್ಯೆ 10 ಲಕ್ಷವನ್ನು ದಾಟಿತು. ಉಪಗ್ರಹ ಅದೇ, ಚಿತ್ರಗಳೂ ಅವೇ. ಹಣ ಕೊಟ್ಟು ಒಂದೆರಡು ಚಿತ್ರಗಳನ್ನು ಕೊಳ್ಳುತ್ತಿದ್ದ ಸಂಶೋಧಕರು ಒಂದೇ ಕಾಡಿನ ಮೂರು ದಶಕಗಳ ಚಿತ್ರಗಳನ್ನು ಸಾಲಾಗಿಟ್ಟು ನೋಡುವಂತಾದದ್ದು ಆಗಲೇ. ಬೆಲೆಯಿದ್ದಾಗ ಅಂಥ ಅಧ್ಯಯನವನ್ನು ಯೋಚಿಸುವುದಕ್ಕೇ ಯಾರಿಗೂ ಆಸ್ಪದವಿರಲಿಲ್ಲ.

ಡೆನ್ಮಾರ್ಕ್ ತನ್ನ ವಿಳಾಸ ದತ್ತಾಂಶವನ್ನು ಮುಕ್ತಗೊಳಿಸಿದ್ದು ಚಿಕ್ಕ ದೇಶದ ಉದಾಹರಣೆಯಾದರೂ ಲೆಕ್ಕ ಹೆಚ್ಚು ಸ್ಪಷ್ಟವಾಗಿದೆ. 2005ರಿಂದ 2009ರವರೆಗಿನ ಅವಧಿಯನ್ನು ಪರಿಶೀಲಿಸಿದ ಅಲ್ಲಿನ ಸರ್ಕಾರಿ ಸಂಸ್ಥೆಯ ಅಂದಾಜಿನಂತೆ ಸಮಾಜಕ್ಕಾದ ನೇರ ಆರ್ಥಿಕ ಲಾಭ ಸುಮಾರು 6.2 ಕೋಟಿ ಯೂರೊ, ತಗಲಿದ ವೆಚ್ಚ ಸುಮಾರು 20 ಲಕ್ಷ ಯೂರೊ. ಲಾಭದಲ್ಲಿ ಮೂರನೆಯ ಒಂದು ಭಾಗಕ್ಕೆ ಹತ್ತಿರ ಹತ್ತಿರದಷ್ಟು ಸರ್ಕಾರಿ ವಲಯಕ್ಕೇ ಮರಳಿತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಏಕೆಂದರೆ ದತ್ತಾಂಶವನ್ನು ಮಾರುವ ವ್ಯವಸ್ಥೆಯಲ್ಲಿ ದೊಡ್ಡ ಗಿರಾಕಿ ಸಾಮಾನ್ಯವಾಗಿ ಸರ್ಕಾರದ ಇನ್ನೊಂದು ಇಲಾಖೆಯೇ ಆಗಿರುತ್ತದೆ. ಬಲಗೈ ಎಡಗೈಗೆ ಮಾರಿ, ನಡುವೆ ಕರಾರುಪತ್ರ ಬರೆದುಕೊಳ್ಳುವುದಕ್ಕೆ ಸಿಬ್ಬಂದಿಯನ್ನು ನೇಮಿಸಿಕೊಂಡಂತೆ.

ಮಾರಾಟದ ಪದ್ಧತಿಯಿಂದ ಹುಟ್ಟುವ ಇನ್ನೊಂದು ಗಂಟು ಹೊರಗಿನಿಂದ ನೋಡಿದವರಿಗೆ ಕಾಣುವುದಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ನಕ್ಷಾ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೇ 1791ರಷ್ಟು ಹಿಂದಿನದು, ನಕ್ಷೆಗಳ ಗುಣಮಟ್ಟದಲ್ಲಿ ಹೆಸರಾದದ್ದು. ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕೆಂಬ ನಿಯಮ ಅದರ ಮೇಲಿದ್ದಾಗ, ಅದರ ನಕ್ಷೆಯನ್ನು ಆಧರಿಸಿ ಗುರುತಿಸಿದ ಯಾವುದೇ ಹೊಸ ದತ್ತಾಂಶದ ಮೇಲೂ ಅದು ಹಕ್ಕು ಸಾಧಿಸುತ್ತಿತ್ತು. ಹೀಗಾಗಿ ಒಂದು ಸ್ಥಳೀಯ ಸಂಸ್ಥೆ ತನ್ನದೇ ಉದ್ಯಾನ, ತನ್ನದೇ ಶೌಚಾಲಯ ಎಲ್ಲಿದೆಯೆಂಬ ಪಟ್ಟಿಯನ್ನು ಆ ನಕ್ಷೆಯ ಮೇಲೆ ಗುರುತಿಸಿದ್ದರೆ ಅದನ್ನು ಮುಕ್ತವಾಗಿ ಪ್ರಕಟಿಸಲು ಹಿಂಜರಿಯಬೇಕಾಗುತ್ತಿತ್ತು. 2010ರ ಏಪ್ರಿಲ್‌ನಲ್ಲಿ ಹಲವು ದತ್ತಾಂಶಗಳನ್ನು ಉಚಿತವಾಗಿ ಬಿಡುಗಡೆ ಮಾಡಿದ ನಂತರವೂ ಆ ಗಂಟು ಪೂರ್ತಿ ಬಿಚ್ಚಲಿಲ್ಲ. 2020ರಲ್ಲಿ ಪ್ರತಿ ಆಸ್ತಿಗೆ ನೀಡಿದ ವಿಶಿಷ್ಟ ಸಂಖ್ಯೆಗಳನ್ನು ಮುಕ್ತ ಪರವಾನಗಿಯಡಿ ತಂದದ್ದು ಅದನ್ನು ಸಡಿಲಿಸುವ ಒಂದು ಹೆಜ್ಜೆ.

ಇಷ್ಟು ಹೇಳಿದ ಮೇಲೆ ತಮ್ಮ ಪ್ರಶ್ನೆಯ ಮೊದಲ ಭಾಗವನ್ನು ತಳ್ಳಿಹಾಕುವಂತಿಲ್ಲ. ಉಚಿತವೆಂದರೆ ಬಳಸುವವರಿಗೆ ಉಚಿತ. ತಯಾರಿಸುವವರಿಗೆ ಖರ್ಚು ಇದ್ದೇ ಇದೆ. ಮಾರಾಟದ ಆದಾಯವನ್ನು ನಿಲ್ಲಿಸಿ ಅದಕ್ಕೆ ಬದಲಾಗಿ ಅನುದಾನ ಕೊಡದಿದ್ದರೆ, ಮೊದಲ ಎರಡು ವರ್ಷ ಎಲ್ಲರೂ ಮೆಚ್ಚುತ್ತಾರೆ, ಮೂರನೆಯ ವರ್ಷದಿಂದ ದತ್ತಾಂಶ ಹಳಸಲು ತೊಡಗುತ್ತದೆ. ಹಳೆಯ ನಕ್ಷೆಯನ್ನು ಮುಕ್ತವಾಗಿ ಹಂಚುವುದರಿಂದ ತಪ್ಪುಗಳು ಮುಕ್ತವಾಗಿ ಹರಡುತ್ತವೆ, ಅಷ್ಟೆ. ಆದ್ದರಿಂದ ದತ್ತಾಂಶ ಮುಕ್ತವಾಗಿರಬೇಕೆಂದು ಹೇಳುವ ವಾಕ್ಯದ ಪಕ್ಕದಲ್ಲಿಯೇ ಅದರ ನಿರ್ವಹಣೆಗೆ ಆಯವ್ಯಯದ ಯಾವ ಶೀರ್ಷಿಕೆಯಡಿ ಹಣ ಬರುತ್ತದೆಂದು ಬರೆಯದ ನೀತಿಯನ್ನು ನಾನು ಅರೆಬರೆಯೆಂದೇ ಎಣಿಸುತ್ತೇನೆ.

ಕೆಲವರು ನಡುದಾರಿಯೆಂದು ವಾಣಿಜ್ಯೇತರ ಬಳಕೆಗೆ ಮಾತ್ರ ಉಚಿತ ಎಂಬ ಷರತ್ತನ್ನು ಸೂಚಿಸುತ್ತಾರೆ. ಕೇಳಲು ನ್ಯಾಯವಾಗಿ ಕಂಡರೂ ಈ ಷರತ್ತಿನ ಗೆರೆ ಎಲ್ಲಿ ಬೀಳುತ್ತದೆಂದು ಯಾರಿಗೂ ಗೊತ್ತಾಗುವುದಿಲ್ಲ. ಬೆಲೆ ಮುದ್ರಿಸಿ ಮಾರುವ ಈ ಪತ್ರಿಕೆ ಒಂದು ಪ್ರವಾಹದ ನಕ್ಷೆಯನ್ನು ಪ್ರಕಟಿಸಿದರೆ ಅದೂ ವಾಣಿಜ್ಯ ಬಳಕೆಯೇ ಆಗಬಹುದು. ಬಳಸಿದವರು ಮೂಲವನ್ನು ಹೆಸರಿಸಬೇಕು ಎಂಬಷ್ಟೇ ಷರತ್ತಿರುವ ಸರಳ ಪರವಾನಗಿ, ಎಲ್ಲ ಇಲಾಖೆಗಳಿಗೂ ಅದೊಂದೇ, ಸಾಕಾಗುತ್ತದೆ.

ಪ್ರಶ್ನೆ: ಸೂಕ್ಷ್ಮ ನಕ್ಷೆಗಳು ಎಲ್ಲರ ಕೈಗೂ ಸಿಕ್ಕರೆ ದೇಶದ ಭದ್ರತೆಗೆ ಅಪಾಯವಿಲ್ಲವೇ? (ಮಾಜಿ ಸೈನಿಕರೊಬ್ಬರು)

ಉತ್ತರ: ಅಪಾಯವಿರುವ ದತ್ತಾಂಶವೂ ಇದೆ, ಅದನ್ನು ಕಾಯಬೇಕಾದದ್ದೂ ಸರಿ. ಅದು ಎಷ್ಟು, ಯಾವುದು ಎಂಬುದನ್ನು ನೋಡದೆ ಎಲ್ಲವನ್ನೂ ಬೀಗ ಹಾಕಿಡುವುದರ ಬಗ್ಗೆ ಮಾತ್ರ ನನ್ನ ತಕರಾರು.

ಜಿಪಿಎಸ್‌ನ ಇತಿಹಾಸವನ್ನೇ ನೋಡಬಹುದು. ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಸಂಕೇತದ ನಿಖರತೆಯನ್ನು ಬೇಕೆಂದೇ ಕೆಡಿಸುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿತು. ಕಾರಿನಲ್ಲಿಯೂ ಫೋನಿನಲ್ಲಿಯೂ ದಾರಿ ತೋರಿಸುವ ಸೇವೆಗಳು ಬೆಳೆದದ್ದು ಅದರ ನಂತರವೇ. ಇನ್ನೊಂದು ಉದಾಹರಣೆ ಹೆಚ್ಚು ನೇರವಾದದ್ದು. 2001ರ ಸೆಪ್ಟೆಂಬರ್ ದಾಳಿಗಳ ನಂತರ ಅಲ್ಲಿನ ಇಲಾಖೆಗಳು ಹಲವು ನಕ್ಷೆಗಳನ್ನು ಅವಸರದಲ್ಲಿ ಹಿಂತೆಗೆದುಕೊಂಡವು. ಹಾಗೆ ಮಾಡಿದ್ದು ಸರಿಯೇ ಎಂದು ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಪರಿಶೀಲಿಸಿ 2004ರಲ್ಲಿ ವರದಿ ಕೊಟ್ಟಿತು. ನೋಡಿದ 629 ದತ್ತಾಂಶಗಳಲ್ಲಿ ದಾಳಿ ಮಾಡುವವರಿಗೆ ಉಪಯೋಗಕ್ಕೆ ಬರಬಹುದಾದವು ಶೇಕಡ 6ಕ್ಕಿಂತ ಕಡಿಮೆ. ಬೇರೆಲ್ಲಿಯೂ ಸಿಗದೆ ಅಲ್ಲಿ ಮಾತ್ರ ಸಿಗುವಂಥವು ಅದಕ್ಕಿಂತಲೂ ಕಡಿಮೆ. ಇದರ ಬೆನ್ನಿಗೇ 2005ರಲ್ಲಿ ರೂಪುಗೊಂಡ ಮಾರ್ಗಸೂಚಿ ಇಲಾಖೆಗಳ ಮುಂದೆ ಮೂರು ಪ್ರಶ್ನೆಗಳನ್ನಿಟ್ಟಿತು: ಈ ದತ್ತಾಂಶ ಕೆಡುಕು ಮಾಡುವವರಿಗೆ ನಿಜವಾಗಿ ನೆರವಾಗುತ್ತದೆಯೇ, ಅದು ಬೇರೆ ಕಡೆ ಸಿಗುವುದಿಲ್ಲವೇ, ಮುಚ್ಚಿಡುವುದರಿಂದ ಸಮಾಜಕ್ಕಾಗುವ ನಷ್ಟ ತಪ್ಪಿಸಿದ ಅಪಾಯಕ್ಕಿಂತ ಕಡಿಮೆಯೇ? ಮೂರನೆಯದನ್ನು ಕೇಳುವ ಅಭ್ಯಾಸ ನಮ್ಮ ಕಚೇರಿಗಳಿಗೆ ಬಹಳ ಬೇಕಾಗಿದೆ.

ಭಾರತದ ನಡೆಯಲ್ಲಿಯೂ ಇದೇ ದಿಕ್ಕು ಕಾಣುತ್ತದೆ. 2005ರ ನಕ್ಷಾ ನೀತಿ ರಕ್ಷಣೆಗೆ ಒಂದು ಸರಣಿ, ಸಾರ್ವಜನಿಕರಿಗೆ ಒಂದು ಸರಣಿ ಎಂದು ನಕ್ಷೆಗಳನ್ನು ಎರಡಾಗಿ ವಿಂಗಡಿಸಿತ್ತು. 2021ರ ಫೆಬ್ರವರಿ 15ರ ಮಾರ್ಗಸೂಚಿ ಪೂರ್ವಾನುಮತಿಯ ಪದ್ಧತಿಯನ್ನು ಕೈಬಿಟ್ಟಿತು. ನೆಲದ ಮೇಲೆ 1 ಮೀಟರ್ ಹಾಗೂ ಎತ್ತರದಲ್ಲಿ 3 ಮೀಟರ್‌ಗಿಂತ ಸೂಕ್ಷ್ಮವಾದ ದತ್ತಾಂಶವನ್ನು ಸಿದ್ಧಪಡಿಸುವುದನ್ನು ದೇಶೀಯ ಸಂಸ್ಥೆಗಳಿಗೆ ಮೀಸಲಿಟ್ಟಿತು. ಅದರಲ್ಲಿ ನನಗೆ ಜಾಣತನವೆನಿಸಿದ್ದು ನಿಷೇಧವನ್ನು ಪ್ರದೇಶಗಳಿಗೆ ವಿಧಿಸದೆ ಗುಣಲಕ್ಷಣಗಳಿಗೆ ವಿಧಿಸುವ ಕ್ರಮ. ಒಂದು ಕಟ್ಟಡ ನಕ್ಷೆಯಲ್ಲಿ ಕಾಣಬಹುದು. ಅದರೊಳಗೆ ಏನಿದೆಯೆಂದು ಬರೆಯುವಂತಿಲ್ಲ. ಆಕಾಶದಿಂದ ಎಲ್ಲರಿಗೂ ಕಾಣುವ ಕಟ್ಟಡವನ್ನು ನಕ್ಷೆಯಲ್ಲಿ ಅಳಿಸಿ ಖಾಲಿ ಬಿಟ್ಟರೆ, ಆ ಖಾಲಿ ಜಾಗವೇ ಅಲ್ಲೇನೋ ಇದೆಯೆಂದು ಸಾರುತ್ತದೆ.

ಪ್ರಶ್ನೆ: ಎಲ್ಲ ಇಲಾಖೆಗಳ ದತ್ತಾಂಶವನ್ನೂ ಒಂದೇ ಪೋರ್ಟಲ್‌ಗೆ ಹಾಕಿಬಿಟ್ಟರೆ ಸಮಸ್ಯೆ ಬಗೆಹರಿಯುವುದಿಲ್ಲವೇ? (ಸಾಫ್ಟ್‌ವೇರ್ ಉದ್ಯೋಗಿ)

ಉತ್ತರ: ಇಲ್ಲ. ಪೋರ್ಟಲ್ ಕಪಾಟಿದ್ದಂತೆ, ಪುಸ್ತಕಗಳನ್ನು ಬರೆಯುವವರು ಬೇರೆ. ಉದ್ಘಾಟನೆಯ ದಿನ ಏರಿಸಿದ ಕಡತಗಳು ಐದು ವರ್ಷದ ನಂತರವೂ ಹಾಗೆಯೇ ಕುಳಿತಿರುವ ಪೋರ್ಟಲ್‌ಗಳನ್ನು ತಾವೂ ನೋಡಿರಬಹುದು. ದತ್ತಾಂಶ ಪಾಲಕರ ಬಳಿಯೇ ಇದ್ದು, ಕೇಳಿದವರಿಗೆ ಅಲ್ಲಿಂದಲೇ ಹರಿದುಬರುವ ವ್ಯವಸ್ಥೆ ಹೆಚ್ಚು ಬಾಳುತ್ತದೆ. ಅದಕ್ಕೆ ಬೇಕಾದ ಮಾನಕಗಳನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. 1994ರಲ್ಲಿ ಆರಂಭವಾದ ಓಪನ್ ಜಿಐಎಸ್ ಒಕ್ಕೂಟವೂ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒದ ತಾಂತ್ರಿಕ ಸಮಿತಿಯೂ ಅವನ್ನು ದಶಕಗಳಿಂದ ರೂಪಿಸುತ್ತಾ ಬಂದಿವೆ. ನೀತಿಯಲ್ಲಿ ಒತ್ತಿ ಹೇಳಬೇಕಾದ ಒಂದೇ ತಾಂತ್ರಿಕ ವಿಷಯವೆಂದರೆ ಮೆಟಾಡೇಟಾ, ಅಂದರೆ ದತ್ತಾಂಶದ ಬಗೆಗಿನ ವಿವರ: ಯಾರು, ಯಾವಾಗ, ಯಾವ ಆಧಾರದ ಮೇಲೆ, ಎಷ್ಟು ನಿಖರವಾಗಿ ಅಳೆದದ್ದು, ಕೊನೆಯ ಬಾರಿ ತಿದ್ದಿದ್ದು ಯಾವಾಗ ಎಂದು. ಈ ಐದು ಸಾಲುಗಳಿಲ್ಲದ ದತ್ತಾಂಶವನ್ನು ಸ್ವೀಕರಿಸಕೂಡದೆಂಬ ನಿಯಮವಿದ್ದರೆ ಲಾಫೆನ್‌ಬರ್ಗ್‌ನಂಥ ಪ್ರಸಂಗಗಳಿಗೆ ಅವಕಾಶ ಕಡಿಮೆಯಾಗುತ್ತದೆ.

ಪ್ರಶ್ನೆ: ಜಮೀನಿನ ಎಲ್ಲೆ, ಮಾಲೀಕರ ಹೆಸರು, ಮನೆಯ ಸ್ಥಾನ ಎಲ್ಲವೂ ಮುಕ್ತವಾದರೆ ಸಾಮಾನ್ಯರ ಖಾಸಗಿತನದ ಗತಿಯೇನು? (ವಕೀಲೆಯೊಬ್ಬರು)

ಉತ್ತರ: ಸ್ಥಾನವನ್ನೂ ವ್ಯಕ್ತಿಯನ್ನೂ ಬೇರೆ ಬೇರೆ ಪದರಗಳಲ್ಲಿ ಇಡುವುದು ಮೊದಲ ರಕ್ಷಣೆ. ಇಂಥ ಸಂಖ್ಯೆಯ ಕಟ್ಟಡ ಇಂಥಲ್ಲಿದೆ ಎಂಬುದು ಆಂಬುಲೆನ್ಸ್ ಚಾಲಕನಿಗೆ ಬೇಕಾದ ಮಾಹಿತಿ. ಅಲ್ಲಿ ಯಾರು ವಾಸಿಸುತ್ತಾರೆ ಎಂಬುದು ಬೇಕಾಗಿಲ್ಲ. ಜಮೀನಿನ ಎಲ್ಲೆಯನ್ನು ಮುಕ್ತವಾಗಿ ತೋರಿಸಿ, ಹಕ್ಕುದಾರರ ವಿವರವನ್ನು ಆ ದೇಶದ ಭೂದಾಖಲೆ ಕಾನೂನು ಹೇಳುವ ಕ್ರಮದಲ್ಲಿ, ಕೇಳಿದವರ ಗುರುತು ದಾಖಲಿಸಿಕೊಂಡು ಕೊಡಬಹುದು.

ಇದಕ್ಕಿಂತ ತೊಡಕಿನದು ಬೇರೆ ಬೇರೆ ದತ್ತಾಂಶಗಳನ್ನು ಕೂಡಿಸಿದಾಗ ಏಳುವ ಅಪಾಯ. ರೋಗಿಗಳ ಹೆಸರನ್ನು ತೆಗೆದುಹಾಕಿ, ಪ್ರತಿ ಪ್ರಕರಣವನ್ನೂ ಒಂದು ಚುಕ್ಕಿಯಾಗಿ ಗುರುತಿಸಿದ ನಕ್ಷೆ ನಿರುಪದ್ರವಿಯಾಗಿ ಕಾಣುತ್ತದೆ. ಅದನ್ನು ವಿಳಾಸದ ಪದರದ ಮೇಲಿಟ್ಟರೆ ಚುಕ್ಕಿ ಒಂದು ಮನೆಯ ಮೇಲೆ ಬಂದು ಕೂರುತ್ತದೆ. ಆದಕಾರಣ ಬಿಡುಗಡೆಗೆ ಮುನ್ನ ಒಂದು ದತ್ತಾಂಶವನ್ನು ಅದೊಂದನ್ನೇ ನೋಡಿ ಒಪ್ಪದೆ, ಈಗಾಗಲೇ ಬಹಿರಂಗವಾಗಿರುವ ಪದರಗಳ ಜೊತೆಯಲ್ಲಿಟ್ಟು ಪರೀಕ್ಷಿಸುವ ಕರ್ತವ್ಯವನ್ನು ನೀತಿ ಪಾಲಕರಿಗೆ ವಿಧಿಸಬೇಕು. ವೈಯಕ್ತಿಕ ದತ್ತಾಂಶದ ಕಾನೂನು ಇರುವ ದೇಶಗಳಲ್ಲಿಯೂ ಈ ಪರೀಕ್ಷೆ ಯಾರ ಕೆಲಸ ಎಂಬುದನ್ನು ಪ್ರತ್ಯೇಕವಾಗಿ ಹೇಳದಿದ್ದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಪ್ರಶ್ನೆ: ನೀತಿ ಎಂದರೆ ಕಾಗದ ಮಾತ್ರವೇ? ಕಾನೂನೇ ಬೇಕೇ? ಇಂಥ ಒಂದು ಕರಡನ್ನು ಸರ್ಕಾರ ಸಾರ್ವಜನಿಕರ ಅಭಿಪ್ರಾಯಕ್ಕಿಟ್ಟರೆ ತಜ್ಞರಲ್ಲದ ನಾವು ಅದರಲ್ಲಿ ಏನನ್ನು ಹುಡುಕಬೇಕು? (ಸ್ಥಳೀಯ ಸಂಸ್ಥೆಯೊಂದರ ಚುನಾಯಿತ ಸದಸ್ಯರು)

ಉತ್ತರ: ಕಾಗದವೂ ಕೆಲಸ ಮಾಡುತ್ತದೆ, ಆದರೆ ನಿಧಾನವಾಗಿ. ಅಮೆರಿಕದಲ್ಲಿ ಇಲಾಖೆಗಳ ಸರ್ವೇ ಕೆಲಸವನ್ನು ಹೊಂದಿಸುವ ಮೊದಲ ಸುತ್ತೋಲೆ ಬಂದದ್ದು 1953ರಲ್ಲಿ. 1994ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ ಆದೇಶ ರಾಷ್ಟ್ರೀಯ ದತ್ತಾಂಶ ಮೂಲಸೌಕರ್ಯವೊಂದನ್ನು ಕಟ್ಟಬೇಕೆಂದಿತು. ಹೊಸದಾಗಿ ಅಳೆಯಲು ಹಣ ಖರ್ಚುಮಾಡುವ ಮುನ್ನ ಅದೇ ದತ್ತಾಂಶ ಬೇರೆಯವರ ಬಳಿ ಇದೆಯೇ ಎಂದು ಇಲಾಖೆಗಳು ನೋಡತಕ್ಕದ್ದು ಎಂದೂ ವಿಧಿಸಿತು. ಒಳ್ಳೆಯ ನಿಯಮವೇ, ಪಾಲಿಸದವರಿಗೆ ಏನಾಗುತ್ತದೆ ಎಂಬುದು ಮಾತ್ರ ಅಸ್ಪಷ್ಟವಾಗಿತ್ತು. ಅದಕ್ಕೆ ಕಾನೂನಿನ ಬಲ ಬಂದದ್ದು 24 ವರ್ಷಗಳ ನಂತರ, 2018ರ ಅಕ್ಟೋಬರ್‌ನಲ್ಲಿ, ಅದೂ ವಿಮಾನಯಾನಕ್ಕೆ ಸಂಬಂಧಿಸಿದ ದೊಡ್ಡ ಮಸೂದೆಯೊಂದರ ಮಡಿಲಲ್ಲಿ. ಯುರೋಪ್ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಅಲ್ಲಿ ಮೇಲೆ ಹೇಳಿದ 2007ರ ನಿರ್ದೇಶನವೇ ಸದಸ್ಯ ದೇಶಗಳನ್ನು ಕಟ್ಟಿಹಾಕಿ, 34 ವಿಷಯಗಳಿಗೆ ಗಡುವುಗಳನ್ನು ಗೊತ್ತುಮಾಡಿತು. ಬಲವಿದ್ದರೂ ನಿಯಮಗಳ ವಿವರ ಎಷ್ಟು ತೊಡಕಾಗಿತ್ತೆಂದರೆ ಹಲವು ದೇಶಗಳು ಗಡುವಿನ ಹಿಂದೆಯೇ ಓಡಬೇಕಾಯಿತು. ಮೊದಲ ಹತ್ತು ವರ್ಷಕ್ಕೆ ನೀತಿ, ಅನುಭವ ಬಂದ ಮೇಲೆ ಚಿಕ್ಕದೊಂದು ಕಾನೂನು ಎಂಬ ಕ್ರಮ ನನಗೆ ಒಪ್ಪಿಗೆಯಾಗುತ್ತದೆ. ಆದರೆ ಪಾಲಕತ್ವವನ್ನು ಮಾತ್ರ ಮೊದಲ ದಿನದಿಂದಲೇ ಸಂಪುಟದ ಮಟ್ಟದ ಆದೇಶವಾಗಿ ಹೊರಡಿಸುವುದು ಒಳ್ಳೆಯದು.

ಕರಡಿನಲ್ಲಿ ಏನನ್ನು ಹುಡುಕಬೇಕೆಂದು ಕೇಳಿದ್ದೀರಿ. ಗುರಿಗಳನ್ನು ಓದುವುದಕ್ಕೆ ಹೆಚ್ಚು ಹೊತ್ತು ಕಳೆಯಬೇಡಿ. ಅವು ಎಲ್ಲ ಕರಡುಗಳಲ್ಲೂ ಚೆನ್ನಾಗಿಯೇ ಇರುತ್ತವೆ. ಭಾರತದ 2022ರ ನೀತಿ 2030ರೊಳಗೆ ನಗರ ಮತ್ತು ಗ್ರಾಮಗಳ ಭೂಲಕ್ಷಣ ಸರ್ವೇಯನ್ನು 5ರಿಂದ 10 ಸೆಂಟಿಮೀಟರ್ ಸೂಕ್ಷ್ಮತೆಯಲ್ಲಿ ಮುಗಿಸಬೇಕೆಂದು ಬರೆದಿರುವಂತೆ ವರ್ಷವೂ ಅಳತೆಯೂ ಇರುವ ಗುರಿಯಾದರೆ ಪರಿಶೀಲಿಸಲು ಬರುತ್ತದೆ. ಉಳಿದವನ್ನು ದಾಟಿ ಮುಂದೆ ಹೋಗಬಹುದು. ನೇರವಾಗಿ ಅನುಬಂಧಗಳಿಗೆ ಹೋಗಿ ಒಂದು ಕೋಷ್ಟಕವಿದೆಯೇ ನೋಡಿ: ದತ್ತಾಂಶದ ಹೆಸರು, ಪಾಲಕ ಕಚೇರಿ, ಎಷ್ಟು ದಿನಕ್ಕೊಮ್ಮೆ ತಿದ್ದಬೇಕು, ಹಣ ಎಲ್ಲಿಂದ, ತಪ್ಪನ್ನು ಯಾರಿಗೆ ತಿಳಿಸಬೇಕು. ಕೋಷ್ಟಕವೇ ಇಲ್ಲದಿದ್ದರೆ ಅದನ್ನು ಸೇರಿಸಬೇಕೆಂಬುದೇ ತಮ್ಮ ಲಿಖಿತ ಅಭಿಪ್ರಾಯವಾಗಲಿ. ಇದ್ದರೆ, ಸ್ಥಳೀಯ ಸಂಸ್ಥೆಗಳ ಹೆಸರು ಎಷ್ಟು ಸಾಲುಗಳಲ್ಲಿ ಪಾಲಕರೆಂದು ಬಂದಿದೆಯೆಂದು ಎಣಿಸಿ, ಆ ಸಾಲುಗಳಲ್ಲಿ ಹಣದ ಅಂಕಣ ಖಾಲಿ ಇದೆಯೇ ಎಂದು ನೋಡಿ. ಕೆಲಸವನ್ನು ಕೆಳಗಿಳಿಸಿ ಅನುದಾನವನ್ನು ಮೇಲೆಯೇ ಉಳಿಸಿಕೊಂಡ ಕರಡುಗಳು ಅಪರೂಪವಲ್ಲ. ಆ ಅಂಕಣ ಖಾಲಿಯಿರುವ ಸಾಲುಗಳ ಕ್ರಮಸಂಖ್ಯೆಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಸಿಬ್ಬಂದಿ ಎಷ್ಟು ಬೇಕು, ವರ್ಷಕ್ಕೆ ವೆಚ್ಚ ಎಷ್ಟಾಗುತ್ತದೆ ಎಂಬ ತಮ್ಮ ಸಂಸ್ಥೆಯ ಅಂದಾಜನ್ನೂ ಜೊತೆಗಿರಿಸಿ, ಗಡುವಿನೊಳಗೆ ಕಳುಹಿಸಿಕೊಡಿ.